ನಿಂತ ಫ್ಯಾನಿಗೂ ಮಳೆಗಾಲ ಉಂಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಪತ್ತನಾಜೆ (ಮೇ ಕೊನೆಯ ವಾರದಲ್ಲಿ ಬರುವ ತುಳುನಾಡಿನ ಆಚರಣೆಯ ದಿನ) ಕಳೆದ ಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಕಾರ್ಖಾನೆಯ ಎಕ್ಸಾಸ್ಟ್ ಫ್ಯಾನು, ಬ್ಲೋವರುಗಳ ಬಗ್ಗೆಯೇ ಇವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನಿನ ಕೆಲಸದ ಎಷ್ಟೋ ಶೆಡ್ಡುಗಳಲ್ಲಿ ಫ್ಯಾನು ನಿಲ್ಲುವುದೂ ಆಗಲೇ, ಗಾಳಿಯಲ್ಲಿ ಪಸೆ ಏರುವುದೂ ಆಗಲೇ. ಓಡುವ ಮೋಟಾರು ತನ್ನ ಬಿಸಿಯಿಂದ ತಾನೇ ಒಣಗಿರುತ್ತದೆ. ನಿಂತದ್ದಕ್ಕೆ ಆ ರಕ್ಷಣೆ ಇಲ್ಲ. ಹಾಗಾಗಿ ಈ ಸಲ ಫ್ಯಾನು ಇಡುವ ಕ್ರಮಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಹೊಸ ಮೀನು ಸಂಸ್ಕರಣಾ ಘಟಕಕ್ಕೆ 10 ಎಚ್‌ಪಿಯ ಎರಡು ಬೆಲ್ಟ್ ಬ್ಲೋವರು, 24 ಇಂಚಿನ ಮೂರು ಗೋಡೆ ಫ್ಯಾನು ಬಂದಿವೆ. ಕಟ್ಟಡ ಮುಗಿಯುವಾಗ ಸೆಪ್ಟೆಂಬರ್ ಆಗುತ್ತದೆ. ಅಲ್ಲಿಯವರೆಗೆ ಕಂಪನಿಯ ಪ್ಲಾಸ್ಟಿಕ್ ಬಿಚ್ಚದೆ ಶೆಡ್ಡಿನಲ್ಲಿಟ್ಟರೆ ಸಾಕಲ್ಲವೇ?
– ಘಟಕದ ನಿರ್ವಾಹಕರು, ಮಲ್ಪೆ

ಸಾಲದು. ಆ ಪ್ಲಾಸ್ಟಿಕ್ ಲಾರಿಯಲ್ಲಿ ಬರುವಾಗಿನ ಧೂಳಿಗೆ ಮತ್ತು ಮಳೆಹನಿಗೆ ಮಾತ್ರ. ಮಲ್ಪೆಯ ಜೂನ್ ತಿಂಗಳಿಗೆ ಅದೇ ಶತ್ರು. ಹಗಲಿನ ಸೆಕೆಯಲ್ಲಿ ಒಳಗೆ ಸೇರಿದ ಪಸೆ ರಾತ್ರಿ ಕಬ್ಬಿಣ ತಣಿದಾಗ ನೀರಾಗಿ ಇಳಿಯುತ್ತದೆ, ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಕೂರುತ್ತದೆ. ಬೆಳಿಗ್ಗೆ ಪ್ಲಾಸ್ಟಿಕ್ಕಿನ ಒಳಮೈಗೆ ಬೆರಳಾಡಿಸಿ ನೋಡಿ, ಹನಿಗಳು ಕೈಗೆ ಹತ್ತುತ್ತವೆ.

ಪ್ಯಾಕಿಂಗನ್ನು ಇಂದೇ ಬಿಚ್ಚಿ. ಇಂಪೆಲ್ಲರನ್ನು (ಒಳಗೆ ತಿರುಗುವ ರೆಕ್ಕೆಯ ಚಕ್ರ) ಕಟ್ಟಿಹಾಕಿದ್ದರೆ ಹಗ್ಗ ತೆಗೆದು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಉಜ್ಜುವ ಸದ್ದು ಬಂದರೆ ಗಾಳಿ ಒಳಗೆ ಎಳೆಯುವ ಬಾಯಿಯ ಕೋನು ದಾರಿಯಲ್ಲಿ ತಗ್ಗು ಬಿದ್ದಿದೆ ಎಂದು ತಿಳಿಯಿರಿ. ಅದನ್ನು ಲಾರಿಯವರ ರಸೀದಿಯ ಮೇಲೆ ಬರೆದು, ಫೋಟೊ ತೆಗೆದು ಕೂಡಲೇ ಕಳಿಸಿ. ಸೆಪ್ಟೆಂಬರಿನಲ್ಲಿ ಹೇಳಿದರೆ ಯಾರೂ ಹೊಣೆ ಹೊರುವುದಿಲ್ಲ. ಮುಂದಿನ ಸಲ ಸಹಿ ಹಾಕುವ ಮೊದಲೇ ಈ ಪರೀಕ್ಷೆ ಮುಗಿಸಿಕೊಳ್ಳಿ.

ಇಡುವ ಜಾಗ ನೆಲದಿಂದ ಕನಿಷ್ಠ 15 ಸೆಂ.ಮೀ. ಎತ್ತರ ಇರಲಿ, ಮರದ ಪ್ಯಾಲೆಟ್ ಸಾಕು. ಬ್ಲೋವರನ್ನು ಅದು ಓಡುವ ಭಂಗಿಯಲ್ಲೇ, ಶಾಫ್ಟ್ ಮಟ್ಟವಾಗಿರುವಂತೆ ಕೂರಿಸಿ. ಗೋಡೆ ಫ್ಯಾನುಗಳನ್ನು ಒಂದರ ಮೇಲೊಂದು ಅಂಗಾತ ಪೇರಿಸಬೇಡಿ; ಮೇಲಿನದರ ಭಾರಕ್ಕೆ ಕೆಳಗಿನದರ ರಿಂಗು ಸೊಟ್ಟಗಾಗುತ್ತದೆ. ಎತ್ತುವಾಗ ಹಗ್ಗವನ್ನು ಎತ್ತುಕೊಕ್ಕೆಗೆ ಅಥವಾ ಬೇಸ್ ಚಾನಲಿಗೆ ಹಾಕಿ. ಶಾಫ್ಟಿಗಾಗಲಿ ಇಂಪೆಲ್ಲರಿಗಾಗಲಿ ಬೇಡವೇ ಬೇಡ. ಮೇಲೆ ಟಾರ್ಪಾಲನ್ನು ಡೇರೆಯಂತೆ ಕಟ್ಟಿ. ಕೆಳಗೆ ಸುತ್ತಲೂ ಒಂದಡಿ ತೆರೆದಿರಲಿ, ಗಾಳಿ ಆಡಲಿ. ಬ್ಲೋವರಿನ ಎರಡೂ ಬಾಯಿಗೆ ಪ್ಲೈವುಡ್ ಮುಚ್ಚಳ ಹಾಕಿ, ಅದರಲ್ಲಿ ಅಂಗೈಯಗಲದ ಕಿಂಡಿ ಬಿಟ್ಟು ಸಣ್ಣ ಕಣ್ಣಿನ ಜಾಲರಿ ಬಡಿಯಿರಿ. ಇಲಿಗಿಂತ ಕಣಜದ ಹುಳುವಿನ ಕಾಟ ದೊಡ್ಡದು. ರೆಕ್ಕೆಯ ಒಳಮಗ್ಗುಲಿಗೆ ಅದು ಮೆತ್ತಿದ ಮಣ್ಣಿನ ಗೂಡು ಕಣ್ಣಿಗೆ ಬೀಳುವುದಿಲ್ಲ, ಚಾಲೂ ಮಾಡಿದಾಗ ಇಡೀ ಬ್ಲೋವರು ಅದುರುತ್ತದೆ. ಕೇಸಿಂಗಿನ ತಳದಲ್ಲಿ ನೀರಿಳಿಯುವ ತೂತಿದ್ದರೆ ಅದರ ಬಿರಟೆ ತೆಗೆದಿಡಿ.

ಬೆಲ್ಟುಗಳನ್ನು ಬಿಚ್ಚಿ, ಯಾವುದು ಯಾವ ಬ್ಲೋವರಿನದು ಎಂದು ಚೀಟಿ ಕಟ್ಟಿ, ಬಿಸಿಲು ಬೀಳದ ಕಡೆ ಇಡಿ. ಬಿಗಿದೇ ಬಿಟ್ಟರೆ ಬೆಲ್ಟು ಪುಲ್ಲಿಯ ಆಕಾರಕ್ಕೆ ಬಾಗಿ ನಿಲ್ಲುತ್ತದೆ, ಬೇರಿಂಗಿನ ಮೇಲೂ ಒಂದೇ ದಿಕ್ಕಿನ ಎಳೆತ ಇರುತ್ತದೆ. ಶಾಫ್ಟಿನ ಬರಿಮೈ, ಪುಲ್ಲಿಯಲ್ಲಿ ಬೆಲ್ಟು ಕೂರುವ ತೋಡು, ಕೀ ಕೂರುವ ಜಾಗ ಇವಕ್ಕೆಲ್ಲ ತುಕ್ಕು ತಡೆಯುವ ಎಣ್ಣೆ ಹಚ್ಚಿ ತಿಂಗಳಿಗೊಮ್ಮೆ ನೋಡಿ.

ಇನ್ನು ಮುಖ್ಯ ಕೆಲಸ. ಪ್ರತಿ ಹದಿನೈದು ದಿನಕ್ಕೊಮ್ಮೆ ಪ್ರತಿ ಫ್ಯಾನನ್ನೂ ಕೈಯಿಂದ 10–15 ಸುತ್ತು ತಿರುಗಿಸಿ, ಹಿಂದೆ ನಿಂತಿದ್ದ ಜಾಗದಿಂದ ಕಾಲು ಸುತ್ತು ಆಚೆ ನಿಲ್ಲಿಸಿ. ಪುಲ್ಲಿಯ ಮೇಲೆ ಚಾಕ್ ಗುರುತು, ಗೋಡೆಯ ಮೇಲೆ ತಾರೀಕು ಇರಲಿ. ಬೆಲ್ಟು ಬಿಚ್ಚಿದ ಮೇಲೆ ಮೋಟಾರು ಬೇರೆ, ಬ್ಲೋವರು ಬೇರೆ, ಎರಡನ್ನೂ ತಿರುಗಿಸಬೇಕು. ಕಾರಣ ಇಷ್ಟೇ. ಬೇರಿಂಗಿನ ಗುಂಡು ತಿಂಗಳುಗಟ್ಟಲೆ ಒಂದೇ ಕಡೆ ಕೂತರೆ ಅದರಡಿಯ ಗ್ರೀಸು ಹಿಂಡಿಹೋಗಿ ಲೋಹಕ್ಕೆ ಲೋಹ ತಾಗುತ್ತದೆ. ಪಕ್ಕದಲ್ಲಿ ಜನರೇಟರೋ ಕಂಪ್ರೆಸರೋ ಓಡುತ್ತಿದ್ದರೆ ಆ ನಡುಕಕ್ಕೆ ಗುಂಡು ಅಲ್ಲಲ್ಲೇ ಉಜ್ಜುತ್ತದೆ. ಹೀಗೆ ಹಾಳಾದ ಬೇರಿಂಗನ್ನು ಬಿಚ್ಚಿ ರೇಸನ್ನು (ಗುಂಡು ಓಡುವ ಬಳೆ) ಒರೆಸಿ ಬೆಳಕಿಗೆ ಹಿಡಿದರೆ ಗುಂಡುಗಳ ನಡುವಿನ ಅಂತರಕ್ಕೆ ಸರಿಯಾಗಿ ಸಾಲು ಸಾಲು ಮಸುಕು ಕಲೆ ಕಾಣುತ್ತದೆ. ಅದರ ಸುತ್ತ ಗ್ರೀಸಿನಲ್ಲಿ ಇಟ್ಟಿಗೆ ಪುಡಿಯಂಥ ಕೆಂಪು ಹುಡಿ ಬೆರೆತಿರುತ್ತದೆ. ಚಾಲೂ ಮಾಡಿದ ದಿನವೇ ಗರಗರ ಸದ್ದು ಶುರು. ಹೊಸ ಗ್ರೀಸಿನಿಂದ ಅದು ಗುಣವಾಗುವುದಿಲ್ಲ, ಬೇರಿಂಗ್ ಬದಲಿಸಲೇಬೇಕು. ಆದ್ದರಿಂದ ಜನರೇಟರ್ ಶೆಡ್ಡಿನಲ್ಲಿ ಜಾಗ ಖಾಲಿ ಇದೆಯೆಂದು ಫ್ಯಾನುಗಳನ್ನು ಅಲ್ಲಿ ಇಡಬೇಡಿ.

ಮೋಟಾರಿನ ಕೇಬಲ್ ಗ್ಲ್ಯಾಂಡುಗಳ ತೂತು ಮುಚ್ಚಿ. ಡೇರೆಯೊಳಗೆ ಪ್ರತಿ ಮೋಟಾರಿನ ಕೆಳಗೆ 60 ವ್ಯಾಟಿನ ಹಳೇ ಮಾದರಿಯ ತಂತಿ ಬಲ್ಬು ಉರಿಯುತ್ತಿರಲಿ, ಟಾರ್ಪಾಲಿಗೆ ತಾಗದಂತೆ ತಂತಿಯ ಗೂಡಿನೊಳಗೆ. ಮೋಟಾರು ಸುತ್ತಲಿನ ಗಾಳಿಗಿಂತ ನಾಲ್ಕೈದು ಡಿಗ್ರಿ ಬೆಚ್ಚಗಿದ್ದರೆ ಅದರ ಮೇಲೆ ನೀರು ಕೂರುವುದಿಲ್ಲ. ಎಲ್‌ಇಡಿ ಬಲ್ಬು ಇಲ್ಲಿ ನಡೆಯದು, ಅದರಿಂದ ಅಷ್ಟು ಬಿಸಿ ಬರುವುದಿಲ್ಲ.

ಪ್ರಶ್ನೆ: ಮೂರು ತಿಂಗಳು ನಿಂತಿದ್ದ 5 ಎಚ್‌ಪಿ ತ್ರೀ ಫೇಸ್ ಮೋಟಾರು ಮೆಗ್ಗರಿನಲ್ಲಿ (ಇನ್ಸುಲೇಶನ್ ಅಳೆಯುವ ಉಪಕರಣ) 0.6 ಮೆಗಾಓಮ್ ತೋರಿಸುತ್ತದೆ. ಒಮ್ಮೆ ಓಡಿಸಿದರೆ ತಾನಾಗಿ ಒಣಗುತ್ತದೆ ಎನ್ನುತ್ತಾರೆ. ಓಡಿಸಬಹುದೇ?
– ಎಲೆಕ್ಟ್ರಿಷಿಯನ್, ಉಡುಪಿ

ಓಡಿಸಬೇಡಿ. ವೋಲ್ಟೇಜನ್ನು ಕಿಲೋವೋಲ್ಟಿನಲ್ಲಿ ಬರೆದು ಒಂದು ಕೂಡಿಸುವುದು ಹಳೆಯ ಲೆಕ್ಕ: 415 ವೋಲ್ಟಿಗೆ ಸುಮಾರು 1.4 ಮೆಗಾಓಮ್. ಅದೂ ಕನಿಷ್ಠ ಮಿತಿ. ಆರೋಗ್ಯವಂತ ಮೋಟಾರು ನೂರರ ಮೇಲೆ ತೋರಿಸುತ್ತದೆ.

ಮೊದಲು ಅಳತೆ ಸರಿಯೇ ನೋಡಿಕೊಳ್ಳಿ. ಸ್ಟಾರ್ಟರಿನಿಂದ ಬಂದ ಕೇಬಲನ್ನು ಟರ್ಮಿನಲ್ ಪೆಟ್ಟಿಗೆಯಲ್ಲಿ ಬಿಚ್ಚಿ, ಮೋಟಾರನ್ನು ಮಾತ್ರ 500 ವೋಲ್ಟಿನಲ್ಲಿ ಒಂದು ನಿಮಿಷ ಅಳೆಯಿರಿ. ಎಷ್ಟೋ ಸಲ ಪಸೆ ಇರುವುದು ಕೇಬಲಿನಲ್ಲೋ ಟರ್ಮಿನಲ್ ಪ್ಲೇಟಿನಲ್ಲೋ. ವಿಎಫ್‌ಡಿ ಡ್ರೈವ್ (ಮೋಟಾರಿನ ವೇಗ ಬದಲಿಸುವ ಸಾಧನ) ಇದ್ದರೆ ಅದನ್ನು ಬಿಚ್ಚದೆ ಮೆಗ್ಗರ್ ಹಾಕಲೇಬಾರದು, ಡ್ರೈವ್ ಸುಟ್ಟುಹೋಗುತ್ತದೆ.

ನಿಜಕ್ಕೂ ವೈಂಡಿಂಗಿನದೇ ಪಸೆಯಾದರೆ ಎರಡೂ ಬದಿಯ ಮುಚ್ಚಳ ತೆಗೆದು, ತಿರುಗುವ ರೋಟರ್ ಹೊರಗೆಳೆದು, ವೈಂಡಿಂಗ್ ಇರುವ ಸ್ಟೇಟರನ್ನು ಮರದ ಪೆಟ್ಟಿಗೆಯಲ್ಲಿಟ್ಟು 200 ವ್ಯಾಟಿನ ಎರಡು ಬಲ್ಬು ಉರಿಸಿ. ಬಲ್ಬು ಮರಕ್ಕೂ ವೈಂಡಿಂಗಿಗೂ ತಾಗಬಾರದು. ಪೆಟ್ಟಿಗೆಯ ಮೇಲ್ಭಾಗದಲ್ಲಿ ಆವಿ ಹೋಗಲು ತೂತಿರಲಿ. ವೈಂಡಿಂಗಿನ ಬಿಸಿ 80 ಡಿಗ್ರಿ ದಾಟಬಾರದು. ಎರಡು ಗಂಟೆಗೊಮ್ಮೆ ಅಳೆದು ಬರೆದಿಡಿ. ಮೊದಮೊದಲು ಅಂಕಿ ಇನ್ನೂ ಕೆಳಗೆ ಇಳಿಯುತ್ತದೆ, ಹೆದರಬೇಡಿ. ಬಿಸಿಯೇರಿದಂತೆ ಇನ್ಸುಲೇಶನ್ನಿನ ಓಮ್ ಕಡಿಮೆಯಾಗುವುದು ಸಹಜ, ಒಳಗಿನ ಪಸೆ ಹೊರಗೆ ಬರುವಾಗಲೂ ಹಾಗೆಯೇ. ಆಮೇಲೆ ಏರತೊಡಗಿ ಒಂದು ಕಡೆ ನಿಲ್ಲುತ್ತದೆ. ನಿಂತ ಮೇಲೆ ತಣಿಯಲು ಬಿಟ್ಟು ಕೊನೆಯ ಅಳತೆ ತೆಗೆಯಿರಿ. ಗ್ಯಾಸಿನ ಬೆಂಕಿ ಹಿಡಿದು ಒಣಗಿಸುವುದು ವಾರ್ನಿಶನ್ನೇ ಸುಡುತ್ತದೆ.

ಒಣಗಿಸಿದ ಮೋಟಾರು ಮುಂದಿನ ಜಡಿಮಳೆಗೆ ಮತ್ತೆ ಕುಸಿದರೆ ವೈಂಡಿಂಗಿಗೆ ಕಡಲ ಗಾಳಿಯ ಉಪ್ಪು ಹತ್ತಿದೆ ಎಂದರ್ಥ. ಉಪ್ಪು ಗಾಳಿಯಿಂದ ನೀರು ಹೀರುತ್ತಲೇ ಇರುತ್ತದೆ. ಬಲ್ಬು ಅದಕ್ಕೆ ಮದ್ದಲ್ಲ. ವೈಂಡಿಂಗ್ ಅಂಗಡಿಯಲ್ಲಿ ಸಿಹಿನೀರಲ್ಲಿ ತೊಳೆಸಿ, ಓವನಿನಲ್ಲಿ ಒಣಗಿಸಿ, ಹೊಸದಾಗಿ ವಾರ್ನಿಶ್ ಹೊಡೆಸಬೇಕು.

ಪ್ರಶ್ನೆ: ಗೇರುಬೀಜ ಕಾರ್ಖಾನೆಯ ಮುರಕಲ್ಲಿನ ಗೋಡೆಯಲ್ಲಿ 30 ಇಂಚಿನ ಎಕ್ಸಾಸ್ಟ್ ಕೂರಿಸಿದ್ದೇವೆ. ಎರಡೇ ತಿಂಗಳಲ್ಲಿ ಬೋಲ್ಟುಗಳು ಸಡಿಲ, ಗೋಡೆಯೇ ನಡುಗುತ್ತದೆ. ಇನ್ನೂ ದಪ್ಪ ಆ್ಯಂಕರ್ ಬೋಲ್ಟು ಹಾಕಬೇಕೇ?
– ಕಾರ್ಖಾನೆ ಮಾಲೀಕರು, ಕಾರ್ಕಳ

ದಪ್ಪ ಬೋಲ್ಟು ಹಾಕಿದಷ್ಟೂ ತೂತು ಹಾಳು. ಬಿಗಿದಾಗ ಹಿಗ್ಗಿ ಹಿಡಿಯುವ ಆ್ಯಂಕರು ಕಾಂಕ್ರೀಟಿಗೆ ಮಾಡಿದ್ದು. ಮುರಕಲ್ಲು ತೂತುತೂತಿನ, ಮೆದು ಕಲ್ಲು. ಹಿಗ್ಗುವಾಗಲೇ ಒಳಗೆ ಪುಡಿಯಾಗುತ್ತದೆ, ಫ್ಯಾನಿನ ನಡುಕ ಉಳಿದದ್ದನ್ನು ಜರಡಿ ಹಿಡಿದಂತೆ ಉದುರಿಸುತ್ತದೆ. ಬೋಲ್ಟು ತೆಗೆದರೆ ಅದರ ಹಿಂದೆ ಕೆಂಪು ಹುಡಿ ಸುರಿಯುವುದನ್ನು ನೀವೇ ಕಾಣುತ್ತೀರಿ.

ಸರಿಯಾದ ದಾರಿ ಕಿಂಡಿಯ ಸುತ್ತ ಕಾಂಕ್ರೀಟ್ ಚೌಕಟ್ಟು. ಫ್ಯಾನಿನ ರಿಂಗಿಗೆ ಬೇಕಾದ್ದಕ್ಕಿಂತ ನಾಲ್ಕೂ ಬದಿ 15 ಸೆಂ.ಮೀ. ಹೆಚ್ಚಿಗೆ ಕಲ್ಲು ಬಿಡಿಸಿ. ಮೇಲಿನ ಗೋಡೆಯ ಭಾರಕ್ಕೆ ಮೊದಲು ಆಧಾರ ಕೊಟ್ಟುಕೊಳ್ಳಿ. 10 ಮಿ.ಮೀ. ಕಂಬಿ ನಾಲ್ಕು ಸುತ್ತ ಓಡಿಸಿ, 15 ಸೆಂ.ಮೀ.ಗೊಂದು ರಿಂಗು ಕಟ್ಟಿ, 1:1.5:3 ಕಾಂಕ್ರೀಟ್ ಹಾಕಿ. ಕಬ್ಬಿಣದ ಆ್ಯಂಗಲ್ ಫ್ರೇಮಿನ ಕಾಲುಗಳನ್ನು ಕಾಂಕ್ರೀಟಿನೊಳಗೇ ಹೂತುಬಿಟ್ಟರೆ ತೂತು ಕೊರೆಯುವ ಕೆಲಸವೇ ಇಲ್ಲ. ಫ್ರೇಮಿನ ಎರಡೂ ಕರ್ಣ ಅಳೆದು ಸಮ ಇದೆಯೇ ನೋಡಿಯೇ ಕಾಂಕ್ರೀಟ್ ತುಂಬಿ. ಹೊಸ್ತಿಲು ಹೊರಕ್ಕೆ ಸ್ವಲ್ಪ ಇಳಿಜಾರು ಇರಲಿ. ಕಡಿಮೆಯೆಂದರೂ ಏಳು ದಿನ ನೀರುಣಿಸಿ, ಹದಿನಾಲ್ಕಾದರೆ ಉತ್ತಮ. ಆಮೇಲೆ ಫ್ಯಾನಿಗೂ ಫ್ರೇಮಿಗೂ ನಡುವೆ 10 ಮಿ.ಮೀ. ರಬ್ಬರ್ ಇಟ್ಟು, ಬೋಲ್ಟುಗಳನ್ನು ಕಾರಿನ ಚಕ್ರಕ್ಕೆ ಬಿಗಿಯುವಂತೆ ಎದುರು ಬದುರಾಗಿ ಬಿಗಿಯುತ್ತ ಬನ್ನಿ. ಒಂದು ಮೂಲೆಯನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ರಿಂಗು ಸೊಟ್ಟಗಾಗಿ ರೆಕ್ಕೆ ಉಜ್ಜುತ್ತದೆ. ಪ್ರತಿ ಬೋಲ್ಟಿಗೂ ಸ್ಪ್ರಿಂಗ್ ವಾಷರ್ ಹಾಕಿ.

ಗೋಡೆ ಬಿಡಿಸಲು ಸದ್ಯ ಆಗದಿದ್ದರೆ ಗೋಡೆಯ ಆಚೆಯಿಂದ ಈಚೆಗೆ 12 ಮಿ.ಮೀ. ಥ್ರೆಡ್ ಕೊರೆದ ಸರಳು ಹಾಯಿಸಿ, ಎರಡೂ ಕಡೆ 15 ಸೆಂ.ಮೀ. ಚೌಕದ 6 ಮಿ.ಮೀ. ಪ್ಲೇಟ್ ಇಟ್ಟು ನಟ್ಟು ಬಿಗಿಯಿರಿ. ಒಂದು ಮಳೆಗಾಲ ಕಳೆಯಲು ಇದು ಸಾಕು.

ಆದರೆ ಬೋಲ್ಟಿನ ಗಲಾಟೆಗೆ ಮೊದಲು ರೆಕ್ಕೆ ನೋಡಿ. ಗೇರು ಸಿಪ್ಪೆಯ ಎಣ್ಣೆಯ ಹೊಗೆ ರೆಕ್ಕೆಗೆ ಕಪ್ಪು ಅಂಟಾಗಿ ಮೆತ್ತಿ, ಅದರ ಮೇಲೆ ಧೂಳು ಕೂತು, ಒಂದು ರೆಕ್ಕೆಯಿಂದ ಚಕ್ಕೆ ಎದ್ದುಹೋದರೂ ತೂಕ ತಪ್ಪುತ್ತದೆ. ನಡುಕದ ಮೂಲವೇ ಅದಾಗಿರಬಹುದು. ಮೇನ್ ಸ್ವಿಚ್ ತೆಗೆದು ಬೀಗ ಹಾಕಿ, ದಪ್ಪ ಕೈಗವಸು ಹಾಕಿಕೊಂಡು – ಆ ಎಣ್ಣೆ ಚರ್ಮ ಸುಡುತ್ತದೆ – ಮರದ ಚಕ್ಕೆಯಿಂದ ಹೆರೆದು ಬಿಸಿ ಸೋಪುನೀರಿನಿಂದ ತೊಳೆಯಿರಿ. ಅಲ್ಯೂಮಿನಿಯಂ ರೆಕ್ಕೆಗೆ ಕಾಸ್ಟಿಕ್ ಸೋಡಾ ಮುಟ್ಟಿಸಬೇಡಿ, ಅದು ಲೋಹವನ್ನೇ ತಿನ್ನುತ್ತದೆ. ಎಲ್ಲ ರೆಕ್ಕೆಗಳನ್ನೂ ಒಂದೇ ಸಲಕ್ಕೆ ಶುಚಿ ಮಾಡಿ. ಅರ್ಧ ಮಾಡಿ ಬಿಟ್ಟರೆ ಮೊದಲಿಗಿಂತ ಹೆಚ್ಚು ಅದುರುತ್ತದೆ.

ಫ್ಯಾನು ಪಶ್ಚಿಮಕ್ಕೋ ನೈಋತ್ಯಕ್ಕೋ ಮುಖ ಮಾಡಿದ್ದರೆ ಮುಂಗಾರಿನ ಗಾಳಿ ಅದರ ಬಾಯಿಗೇ ಒತ್ತುತ್ತದೆ, ಮಳೆಯೂ ಒಳಗೆ ಹೊಡೆಯುತ್ತದೆ. ಹೊಸದಾಗಿ ಕಿಂಡಿ ತೆಗೆಯುವುದಿದ್ದರೆ ಪೂರ್ವ ಅಥವಾ ಉತ್ತರದ ಗೋಡೆ ಆರಿಸಿ. ಆಗದಿದ್ದರೆ ಕೆಳಮುಖದ ತಗಡಿನ ಟೊಪ್ಪಿ ಹಾಕಿ, ಅದರ ಬಾಯಿಯ ವಿಸ್ತೀರ್ಣ ಫ್ಯಾನಿನ ಬಾಯಿಗಿಂತ ಕಡಿಮೆಯಾಗದಿರಲಿ.

ಪ್ರಶ್ನೆ: 20 ಮೀಟರ್ ಉದ್ದ, 12 ಮೀಟರ್ ಅಗಲ, 5 ಮೀಟರ್ ಎತ್ತರದ ಶೆಡ್ಡಿಗೆ ಎಷ್ಟು ಫ್ಯಾನು ಬೇಕು?
– ಬೈಕಂಪಾಡಿ

ಶೆಡ್ಡಿನ ಗಾಳಿ 1,200 ಘನ ಮೀಟರ್. ಸೆಕೆಯ ಕೆಲಸದ ಶೆಡ್ಡಿಗೆ ಗಂಟೆಗೆ 20 ಸಲ ಗಾಳಿ ಬದಲಾಗಬೇಕು ಎಂದಿಟ್ಟರೆ ಗಂಟೆಗೆ 24,000 ಘನ ಮೀಟರ್, ಅಂದರೆ ನಿಮಿಷಕ್ಕಿಷ್ಟು ಘನ ಅಡಿ ಎಂಬ ಲೆಕ್ಕದಲ್ಲಿ ಸುಮಾರು 14,100 ಸಿಎಫ್‌ಎಂ. ಕ್ಯಾಟಲಾಗಿನಲ್ಲಿ ಶೂನ್ಯ ಒತ್ತಡದ ಅಂಕಿ ನೋಡಿ ಮೋಸ ಹೋಗಬೇಡಿ. ಜಾಲರಿ, ಲೂವರ್, ಟೊಪ್ಪಿ ಸೇರಿದ ಮೇಲೆ ಅಷ್ಟು ಗಾಳಿ ಬರುವುದಿಲ್ಲ, 5 ಮಿ.ಮೀ. ನೀರಿನ ಒತ್ತಡದ ಸಾಲಿನ ಅಂಕಿ ಹಿಡಿಯಿರಿ. ಆ ಸಾಲಿನಲ್ಲಿ ಗಂಟೆಗೆ 6,000 ಘನ ಮೀಟರ್ ಇದ್ದರೆ ನಾಲ್ಕು ಫ್ಯಾನು.

ಬಹಳ ಮಂದಿ ಮರೆಯುವುದು ಒಳಬರುವ ಗಾಳಿಯ ದಾರಿಯನ್ನು. ಸೆಕೆಂಡಿಗೆ 2.5 ಮೀಟರ್ ವೇಗದ ಲೆಕ್ಕಕ್ಕೆ ನಿಮಗೆ ಸುಮಾರು 2.7 ಚದರ ಮೀಟರ್ ತೆರೆದ ಜಾಗ ಬೇಕು, ಅದೂ ಫ್ಯಾನಿನ ಎದುರು ಗೋಡೆಯಲ್ಲಿ, ಕೆಳಮಟ್ಟದಲ್ಲಿ. ಫ್ಯಾನಿನ ಪಕ್ಕದ ಕಿಟಕಿ ತೆರೆದಿದ್ದರೆ ಫ್ಯಾನು ಆ ಕಿಟಕಿಯ ಗಾಳಿಯನ್ನೇ ಎಳೆದು ಹೊರಗೆ ಬಿಡುತ್ತದೆ, ಶೆಡ್ಡಿನ ನಡುವೆ ನಿಂತವರ ಬೆವರು ಆರುವುದಿಲ್ಲ.

ಪ್ರಶ್ನೆ: ರಿಪೇರಿ ಮಾಡಿ ಮತ್ತೆ ಕೂರಿಸಿದ ಮೇಲೆ ಅಕ್ಕಿ ಗಿರಣಿಯ ಬ್ಲೋವರಿನಲ್ಲಿ ಗಾಳಿಯೇ ಇಲ್ಲದಂತಾಗಿದೆ. ಮೋಟಾರು ಚೆನ್ನಾಗಿಯೇ ಓಡುತ್ತದೆ.
– ಕುಂದಾಪುರ

ಮೊದಲು ತಿರುಗುವ ದಿಕ್ಕು ನೋಡಿ. ಸೆಂಟ್ರಿಫ್ಯೂಗಲ್ ಬ್ಲೋವರು ತಿರುವುಮುರುವಾಗಿ ತಿರುಗಿದರೂ ಗಾಳಿ ಹೊರಬರುವುದು ಅದೇ ಬಾಯಿಂದ, ತೀರ ಕಡಿಮೆ ಅಷ್ಟೇ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಗೋಡೆ ಫ್ಯಾನಾದರೆ ಗಾಳಿ ಒಳಗೇ ನುಗ್ಗಿ ತಕ್ಷಣ ಗೊತ್ತಾಗುತ್ತಿತ್ತು. ಸ್ಟಾರ್ಟರ್ ಒತ್ತಿ ಕೂಡಲೇ ಬಿಡಿ, ನಿಧಾನವಾಗಿ ನಿಲ್ಲುವಾಗ ಶಾಫ್ಟ್ ಯಾವ ಕಡೆ ತಿರುಗುತ್ತದೆಂದು ಕೇಸಿಂಗಿನ ಮೇಲಿನ ಬಾಣದ ಗುರುತಿಗೆ ಹೋಲಿಸಿ. ಉಲ್ಟಾ ಇದ್ದರೆ ಮೂರು ಫೇಸುಗಳಲ್ಲಿ ಯಾವುದಾದರೂ ಎರಡನ್ನು ಅದಲು ಬದಲು ಮಾಡಿ.

ದಿಕ್ಕು ಸರಿಯಿದ್ದರೆ ಡಕ್ಟ್ (ಗಾಳಿ ಸಾಗುವ ಕೊಳವೆ) ನೋಡಿ. ಬ್ಲೋವರಿನ ಎಳೆಯುವ ಬಾಯಿಗೇ ಎಲ್ಬೋ (ಬಾಗಿದ ತುಂಡು) ಕೂರಿಸಿದರೆ ಗಾಳಿ ಸುಳಿಯಾಗಿ ಒಳಗೆ ಬಂದು ಇಂಪೆಲ್ಲರಿನ ಒಂದೇ ಮಗ್ಗುಲಿಗೆ ಬೀಳುತ್ತದೆ. ಎಳೆಯುವ ಕಡೆ ಡಕ್ಟಿನ ವ್ಯಾಸದ ಮೂರರಿಂದ ಐದು ಪಟ್ಟು, ಬಿಡುವ ಕಡೆ ಎರಡೂವರೆ ಪಟ್ಟು ನೇರ ಡಕ್ಟ್ ಇರಲಿ. ಎರಡೂ ಕಡೆ ಡಕ್ಟಿಗೂ ಬ್ಲೋವರಿಗೂ ನಡುವೆ ಕ್ಯಾನ್ವಾಸ್ ತುಂಡು ಹಾಕಿ. ಡಕ್ಟಿನ ಭಾರ ಬ್ಲೋವರಿನ ಮೇಲೆ ಬೀಳಬಾರದು. ಗಾಳಿ ಸಾಲದೆಂದು ಪುಲ್ಲಿ ಬದಲಿಸಿ ಸ್ಪೀಡ್ ಏರಿಸಲು ಮಾತ್ರ ಅವಸರ ಮಾಡಬೇಡಿ. ಸ್ಪೀಡ್ ನೂರಕ್ಕೆ ಹತ್ತು ಏರಿದರೆ ಗಾಳಿಯೂ ಹತ್ತು ಏರುತ್ತದೆ, ಮೋಟಾರಿನ ಮೇಲಿನ ಹೊರೆ ಮೂವತ್ತಮೂರು ಏರುತ್ತದೆ.

ಪ್ರಶ್ನೆ: ಬ್ಲೋವರಿನ ಮೂರು ಬೆಲ್ಟಿನಲ್ಲಿ ಒಂದು ಹರಿದಿತ್ತು, ಹೊಸದು ಹಾಕಿದೆವು. ಈಗ ಚಾಲೂ ಮಾಡುವಾಗ ಕಿರ್ರ್ ಎಂದು ಕಿರುಚುತ್ತದೆ.
– ಪಡುಬಿದ್ರಿ

ಮೂರನ್ನೂ ಒಟ್ಟಿಗೆ, ಒಂದೇ ಕಂಪನಿಯ ಒಂದೇ ಸೆಟ್ಟಿನಿಂದ ಬದಲಿಸಿ. ಹಳೆಯವು ಉದ್ದವಾಗಿರುತ್ತವೆ, ಹೊಸದೊಂದೇ ಹೊರೆಯೆಲ್ಲ ಹೊತ್ತು ಬೇಗ ಹರಿಯುತ್ತದೆ, ಉಳಿದೆರಡು ಜಾರುತ್ತವೆ. ಸ್ಕ್ರೂಡ್ರೈವರಿನಿಂದ ಮೀಟಿ ಹತ್ತಿಸಬೇಡಿ, ಒಳಗಿನ ನೂಲು ಕಡಿಯುತ್ತದೆ. ಮೋಟಾರನ್ನು ಹಳಿಯ ಮೇಲೆ ಮುಂದಕ್ಕೆ ಸರಿಸಿ ಹಾಕಿ. ಎರಡು ಪುಲ್ಲಿಗಳ ಮುಖಕ್ಕೆ ದಾರ ಎಳೆದು ಹಿಡಿದರೆ ನಾಲ್ಕೂ ಅಂಚಿಗೆ ತಾಗಬೇಕು. ಬಿಗಿಯ ಲೆಕ್ಕ: ಪುಲ್ಲಿಗಳ ನಡುವೆ 60 ಸೆಂ.ಮೀ. ಬೆಲ್ಟಿದ್ದರೆ ನಡುಭಾಗ ಒತ್ತಿದಾಗ ಸುಮಾರು 10 ಮಿ.ಮೀ. ತಗ್ಗಬೇಕು. ಎಷ್ಟು ಬಲದಿಂದ ಒತ್ತಬೇಕೆಂಬುದು ಬೆಲ್ಟಿನ ಸೈಜಿನ ಪಟ್ಟಿಯಲ್ಲಿರುತ್ತದೆ. ಒಂದು ದಿನ ಓಡಿದ ಮೇಲೆ ಮತ್ತೆ ಬಿಗಿಯಿರಿ. ಹೊಸ ಬೆಲ್ಟು ಆಗಲೇ ಪುಲ್ಲಿಯಲ್ಲಿ ಕೂತು ಸಡಿಲವಾಗಿರುತ್ತದೆ.

ಪ್ರಶ್ನೆ: 10 ಎಚ್‌ಪಿ ಬ್ಲೋವರಿಗೆ ಸ್ಟಾರ್ ಡೆಲ್ಟಾ ಸ್ಟಾರ್ಟರ್ ಇದೆ. ನೇಮ್‌ಪ್ಲೇಟಿನಲ್ಲಿ 14 ಆಂಪಿಯರ್. ಓವರ್‌ಲೋಡ್ ರಿಲೇಯನ್ನೂ (ಹೊರೆ ಹೆಚ್ಚಾದರೆ ಮೋಟಾರು ನಿಲ್ಲಿಸುವ ಸಾಧನ) 14ಕ್ಕೆ ಇಡಬೇಕೇ?
– ಮಂಗಳೂರು

ರಿಲೇ ಎಲ್ಲಿ ಕೂತಿದೆ ನೋಡಿ. ಮೇನ್ ಲೈನಿನಲ್ಲಿದ್ದರೆ 14. ಸಾಮಾನ್ಯವಾಗಿ ಅದು ಮೇನ್ ಕಾಂಟ್ಯಾಕ್ಟರಿನ ಕೆಳಗೆ, ವೈಂಡಿಂಗಿನ ಸಾಲಿನಲ್ಲಿ ಇರುತ್ತದೆ. ಅಲ್ಲಿ ಹರಿಯುವುದು ನೂರಕ್ಕೆ 58 ಭಾಗ ಮಾತ್ರ. 8.1ಕ್ಕೆ ಇಡಿ. 14ಕ್ಕೆ ಇಟ್ಟರೆ ಮೋಟಾರು ಸುಟ್ಟರೂ ರಿಲೇ ಬೀಳುವುದಿಲ್ಲ. ಮೋಟಾರಿನ ಮೈಗೆ ಎರಡು ಬೇರೆ ಬೇರೆ ಅರ್ಥ್ ತಂತಿ ಕಡ್ಡಾಯ.

ಪ್ರಶ್ನೆ: ಐಸ್ ಪ್ಲಾಂಟಿನ ಅಮೋನಿಯಾ ಕಂಪ್ರೆಸರ್ ಕೋಣೆಗೆ ಎಕ್ಸಾಸ್ಟ್ ಎಲ್ಲಿ ಹಾಕಬೇಕು, ನೆಲದ ಹತ್ತಿರವೋ ಮೇಲೋ?
– ದಕ್ಕೆ, ಮಂಗಳೂರು

ಮೇಲೆ, ಮಾಡಿಗೆ ಆದಷ್ಟು ಹತ್ತಿರ. ಅಮೋನಿಯಾ ಗಾಳಿಗಿಂತ ಹಗುರ, ಸೋರಿದಾಗ ಮೇಲಕ್ಕೇರುತ್ತದೆ. ನೆಲದ ಹತ್ತಿರ ಹಾಕುವುದು ಎಲ್‌ಪಿಜಿಯಂಥ ಭಾರದ ಅನಿಲಕ್ಕೆ. ಫ್ಯಾನಿನಲ್ಲಿ ಹಿತ್ತಾಳೆಯ ಬುಷ್ಷಾಗಲಿ ತಾಮ್ರದ ಬಿಡಿಭಾಗವಾಗಲಿ ಹೊರಗೆ ತೆರೆದಿರಬಾರದು, ಅಮೋನಿಯಾ ಅವನ್ನು ಕೊರೆಯುತ್ತದೆ. ಮೋಟಾರು ಫ್ಲೇಮ್‌ಪ್ರೂಫ್ ಇರಲಿ. ಹೊರಬಿಡುವ ಬಾಯಿ ಪಕ್ಕದ ಮನೆಯ ಕಿಟಕಿಗೋ ಜನ ನಡೆಯುವ ದಾರಿಗೋ ಮುಖ ಮಾಡದಿರಲಿ. ಸ್ವಿಚ್ಚನ್ನು ಕೋಣೆಯ ಬಾಗಿಲಿನ ಹೊರಗೆ ಹಾಕಿಸಿ. ಸೋರಿಕೆಯಾದಾಗ ಫ್ಯಾನು ಹಾಕಲೆಂದು ಯಾರೂ ಒಳಗೆ ಕಾಲಿಡುವಂತಾಗಬಾರದು.